ಹೊಸ ಶ್ವಾಸಕೋಶ, ಹಳೆಯ ವರ್ಣತಂತು

ಮನುಷ್ಯನಿಗೆ ಮೊತ್ತಮೊದಲು ಶ್ವಾಸಕೋಶದ ಕಸಿ ಮಾಡಿದವರು ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದ ಜೇಮ್ಸ್ ಹಾರ್ಡಿ, 1963ರ ಜೂನ್ 11ರಂದು. ರೋಗಿ ಬದುಕಿದ್ದು 18 ದಿನ. ಮುಂದಿನ ಎರಡು ದಶಕ ಸೋಲುಗಳದೇ ಕಥೆ. ದೇಹವು ಪರಕೀಯ ಅಂಗವನ್ನು ತಿರಸ್ಕರಿಸದಂತೆ ತಡೆಯುವ ಸೈಕ್ಲೋಸ್ಪೋರಿನ್ ಬಂದ ಮೇಲೆ, 1983ರಲ್ಲಿ ಟೊರೊಂಟೊದ ಜೋಯಲ್ ಕೂಪರ್ ಯಶಸ್ಸು ಕಂಡರು. ಅವರ ರೋಗಿ ಆರು ವರ್ಷಕ್ಕೂ ಮಿಕ್ಕಿ ಬದುಕಿದ. ಆತನಿಗಿದ್ದುದು ಪಲ್ಮನರಿ ಫೈಬ್ರೋಸಿಸ್, ಅಂದರೆ ಶ್ವಾಸಕೋಶ ನಾರುಗಟ್ಟಿ ಗಡುಸಾಗುವ ರೋಗ. ಅದೇಕೆ ಬರುತ್ತದೆಂದು ಆಗ ಯಾರಿಗೂ ತಿಳಿದಿರಲಿಲ್ಲ.

ಉತ್ತರದ ಒಂದು ಎಳೆ ಬೇರೆಡೆ ಬೆಳೆಯುತ್ತಿತ್ತು. ಹಗ್ಗದ ತುದಿ ಬಿಚ್ಚದಂತೆ ಗಂಟು ಹಾಕುತ್ತೇವಲ್ಲ, ವರ್ಣತಂತುವಿನ ತುದಿಗೂ ಅಂಥದೊಂದು ರಕ್ಷಣೆಯಿದೆ. ಅದೇ ಟೆಲೋಮಿಯರ್. ಡಿಎನ್ಎ ನಕಲು ಮಾಡುವ ಕಿಣ್ವ ತುದಿಯನ್ನು ಪೂರ್ತಿ ನಕಲು ಮಾಡಲಾರದು, ಆದ್ದರಿಂದ ಕೋಶ ಒಡೆದಂತೆಲ್ಲ ವರ್ಣತಂತು ಗಿಡ್ಡವಾಗಬೇಕು ಎಂದು ರಷ್ಯದ ಅಲೆಕ್ಸಿ ಒಲೊವ್ನಿಕೊವ್ 1971ರಲ್ಲಿ ಬರೆದರು. ಇದು ಹೊಳೆದದ್ದು ಮಾಸ್ಕೋದ ಮೆಟ್ರೊ ನಿಲ್ದಾಣದಲ್ಲಿ. ಕಿಣ್ವವೇ ರೈಲು, ಡಿಎನ್ಎಯೇ ಹಳಿ. ರೈಲಿನ ಅಡಿಯಲ್ಲೇ ಇರುವ ಹಳಿಯ ತುಣುಕು ನಕಲಿಗೆ ಸಿಗುವುದಿಲ್ಲ. ಭೌತವಿಜ್ಞಾನದ ಮೇಷ್ಟ್ರಾದ ನನಗೆ ಈ ಮಾದರಿ ಬಲು ಇಷ್ಟ. ತುದಿಯನ್ನು ಮತ್ತೆ ಬೆಳೆಸುವ ಟೆಲೋಮರೇಸ್ ಕಿಣ್ವವನ್ನು 1984ರಲ್ಲಿ ಕ್ಯಾರಲ್ ಗ್ರೈಡರ್ ಮತ್ತು ಎಲಿಜಬೆತ್ ಬ್ಲ್ಯಾಕ್‌ಬರ್ನ್ ಕಂಡರು. 2009ರ ನೊಬೆಲ್ ಇವರಿಬ್ಬರಿಗೂ ಜಾಕ್ ಷೋಸ್ಟಾಕ್‌ಗೂ ಸಂದಿತು. ಒಲೊವ್ನಿಕೊವ್ ಹೆಸರು ಅಲ್ಲಿರಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಎರಡು ಎಳೆಗಳು ಕೂಡಿದ್ದು 2007ರಲ್ಲಿ. ಮನೆತನದಲ್ಲಿ ಹರಿದುಬರುವ ಫೈಬ್ರೋಸಿಸ್ ರೋಗಿಗಳಲ್ಲಿ ಕೆಲವರಿಗೆ ಟೆಲೋಮರೇಸ್ ವಂಶವಾಹಿಯ ದೋಷವಿರುವುದನ್ನು ಅಮೆರಿಕದ ಎರಡು ತಂಡಗಳು ತೋರಿಸಿದವು. ಇಲ್ಲಿಯೇ ಕಸಿಯ ಹೊಸ ತೊಡಕು ಬಯಲಾಯಿತು. ಶ್ವಾಸಕೋಶ ದಾನಿಯದು, ಸರಿ. ಆದರೆ ರಕ್ತ ತಯಾರಿಸುವ ಅಸ್ಥಿಮಜ್ಜೆ ರೋಗಿಯದೇ, ಅದರ ಟೆಲೋಮಿಯರ್‌ಗಳೂ ಗಿಡ್ಡವೇ. ಕಸಿ ಉಳಿಸಲು ಕೊಡುವ ಅಜಾಥಯೋಪ್ರಿನ್, ಮೈಕೊಫಿನೊಲೇಟ್‌ಗಳು ಕೋಶಗಳ ವಿಭಜನೆಯನ್ನೇ ತಡೆಯುವಂಥವು. ಮೊದಲೇ ಸೋತ ಮಜ್ಜೆಗೆ ಅವು ಭಾರ. 2014ರಲ್ಲಿ ಪ್ರಕಟವಾದ ಎಂಟು ರೋಗಿಗಳ ವರದಿಯಲ್ಲಿ ರಕ್ತದ ತೊಂದರೆಗಳೇ ಎದ್ದುಕಂಡವು. ಹಲವರಿಗೆ ಔಷಧಿ ಬದಲಿಸಬೇಕಾಯಿತು. ಕಸಿ ಅಸಾಧ್ಯವಲ್ಲವೆಂಬುದೂ ಅದರಿಂದಲೇ ತಿಳಿಯಿತು. ಸೈಟೊಮೆಗಲೋ ವೈರಸ್ಸನ್ನು ಎದುರಿಸುವ ಟಿ-ಕೋಶಗಳೂ ಇಂಥವರಲ್ಲಿ ದುರ್ಬಲವೆಂದು ಆಮೇಲೆ ಗೊತ್ತಾಯಿತು.

ಹೀಗಾಗಿ ಕಸಿಗೆ ಮುಂಚೆಯೇ ಮನೆತನದ ವಿವರ ಬೇಕು. ಮೂಡಲಗಿ, ಗೋಕಾಕದಂಥ ಊರುಗಳಲ್ಲಿ ಅದು ಕಷ್ಟವಲ್ಲ: ಅಜ್ಜ ಯಾವ ದಮ್ಮಿನಿಂದ ತೀರಿಕೊಂಡ, ಕಾಕಾನಿಗೆ ಮೂವತ್ತರೊಳಗೇ ತಲೆ ನರೆತಿತ್ತೇ, ಯಾರಿಗೆ ರಕ್ತಹೀನತೆಯಿತ್ತು ಎಂಬುದು ಮನೆಮಂದಿಗೆಲ್ಲ ಗೊತ್ತಿರುತ್ತದೆ. ವೈದ್ಯರು ಕೇಳಬೇಕಷ್ಟೆ.