ದೀಪವನ್ನು ಎಲ್ಲಿ ತೂಗುಹಾಕಬೇಕು?



ದಟ್ಟವಾಗಿ ಬೆಳೆದ ಮಾವಿನ ಮರದ ಕೆಳಗೆ ನಿಂತು ಮೇಲೆ ನೋಡಿ. ಹೊರಗಿನಿಂದ ಹಸಿರು ತುಂಬಿದಂತೆ ಕಾಣುವ ಮರದ ಒಳಭಾಗದಲ್ಲಿ ಎಲೆಗಳು ವಿರಳ, ಬರಿಯ ಕೊಂಬೆಗಳೇ ಹೆಚ್ಚು. ಬೆಳಕು ತಲುಪದ ಕಡೆ ಎಲೆ ಹೆಚ್ಚು ಕಾಲ ಉಳಿಯುವುದಿಲ್ಲ. ಸೂರ್ಯನನ್ನು ನಮಗೆ ಬೇಕಾದ ಕಡೆ ಇಡಲಾರೆವು. ಆದರೆ ಕೋಣೆಯೊಳಗೆ ವಿದ್ಯುದ್ದೀಪದಿಂದ ಗಿಡ ಬೆಳೆಸುವಾಗ ಬೆಳಕಿನ ಸ್ಥಾನ ನಮ್ಮ ಕೈಯಲ್ಲೇ ಇರುತ್ತದೆ. ದೀಪ ಗಿಡದ ನೆತ್ತಿಯ ಮೇಲಿರಬೇಕೆ, ಪಕ್ಕದಲ್ಲಿರಬೇಕೆ? ಸರಳವೆಂದು ಕಾಣುವ ಈ ಪ್ರಶ್ನೆಯ ಹಿಂದೆ ನೂರು ವರ್ಷಗಳಿಗೂ ಮೀರಿದ ಇತಿಹಾಸವಿದೆ.

ಫ್ರಾನ್ಸಿನ ಹರ್ವೆ ಮಾಂಗೊನ್ 1861ರಲ್ಲಿ, ವಿದ್ಯುತ್ ಆರ್ಕ್ ದೀಪದ ಬೆಳಕಿನಲ್ಲೂ ಎಲೆಗಳಲ್ಲಿ ಪತ್ರಹರಿತ್ತು ಉಂಟಾಗುತ್ತದೆಂದು ತೋರಿಸಿದರು. 1880ರಲ್ಲಿ ಇಂಗ್ಲೆಂಡಿನಲ್ಲಿ ನೆಲೆಸಿದ್ದ ಜರ್ಮನ್ ಮೂಲದ ಎಂಜಿನಿಯರ್ ವಿಲಿಯಂ ಸೀಮೆನ್ಸ್ ಇನ್ನೂ ಮುಂದೆ ಹೋದರು. ಕರಬೂಜ ಬೆಳೆಯುವ ಗಾಜಿನಮನೆಯ ಹೊರಗೆ, ಗಾಜಿನಿಂದ ಸುಮಾರು 2 ಮೀಟರ್ ಎತ್ತರದಲ್ಲಿ, 1400 ಕ್ಯಾಂಡಲ್ ಶಕ್ತಿಯ ಆರ್ಕ್ ದೀಪವನ್ನು ಇರಿಸಿದರು. ಸಾಸಿವೆ, ಕ್ಯಾರೆಟ್, ಸೌತೆ ಮೊದಲಾದ ಸಸಿಗಳ ಕುಂಡಗಳನ್ನು ನಾಲ್ಕು ಗುಂಪು ಮಾಡಿದರು. ಮೊದಲನೆಯದು ಪೂರ್ಣ ಕತ್ತಲೆಯಲ್ಲಿ, ಎರಡನೆಯದು ವಿದ್ಯುತ್ ಬೆಳಕಿನಲ್ಲಿ ಮಾತ್ರ, ಮೂರನೆಯದು ಹಗಲಿನಲ್ಲಿ ಮಾತ್ರ, ನಾಲ್ಕನೆಯದು ಹಗಲಿನ ಬೆಳಕಿನ ನಂತರ ವಿದ್ಯುತ್ ಬೆಳಕಿನಲ್ಲಿ. ಕತ್ತಲೆಯ ಸಸಿಗಳು ಹಳದಿಯಾಗಿ ಸೊರಗಿದವು. ವಿದ್ಯುತ್ ಬೆಳಕು ಮಾತ್ರ ಕಂಡವು ತಿಳಿಹಸಿರಾಗಿ ಬದುಕಿದವು. ಎರಡೂ ಬೆಳಕು ಪಡೆದವು ಎಲ್ಲಕ್ಕಿಂತ ಹುಲುಸಾಗಿದ್ದವು.

ಆದರೆ ದೀಪವನ್ನು ಗಾಜಿನಮನೆಯ ಒಳಗೇ ತಂದಾಗ ತೊಂದರೆ ಎದುರಾಯಿತು. ತೆರೆದ ಆರ್ಕ್ ಬೆಳಕಿಗೆ ಎಲೆಗಳು ಮುದುಡಿದವು. ನಡುವೆ ತೆಳುವಾದ ಗಾಜು ಇಟ್ಟಾಗ ಆ ಕೆಡುಕು ತಪ್ಪಿತು. 1891ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಲಿಬರ್ಟಿ ಹೈಡ್ ಬೇಲಿ ತಮ್ಮ ಪ್ರಯೋಗಗಳನ್ನು ಪ್ರಕಟಿಸಿದರು. ದೀಪಕ್ಕೆ ಹತ್ತಿರವಿದ್ದ ಗಿಡಗಳಿಗೇ ಹೆಚ್ಚು ಹಾನಿಯಾಗಿತ್ತು. ದೂರವೂ ಒಂದು ಮುಖ್ಯ ಅಂಶವೆಂಬುದು ಹೀಗೆ ಸ್ಪಷ್ಟವಾಯಿತು.

ಇಲ್ಲಿ ನೀವು ಭೌತಶಾಸ್ತ್ರದಲ್ಲಿ ಓದಿರುವ ವಿಲೋಮ ವರ್ಗ ನಿಯಮವನ್ನು ನೆನಪಿಸಿಕೊಳ್ಳಿ. ಸಣ್ಣ ದೀಪವೊಂದರಿಂದ ದೂರ ಎರಡರಷ್ಟಾದರೆ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಮೇಜಿನ ನಡುವಿನಿಂದ 1 ಮೀಟರ್ ಮೇಲೆ ಬಲ್ಬು ಇದೆ ಎನ್ನಿ. ನಡುವಿನಿಂದ 1 ಮೀಟರ್ ಪಕ್ಕಕ್ಕಿರುವ ಗಿಡಕ್ಕೆ ಬಲ್ಬಿನಿಂದ ಇರುವ ದೂರ ಸುಮಾರು 1.41 ಮೀಟರ್. ದೂರದ ಕಾರಣದಿಂದಲೇ ಬೆಳಕು ಅರ್ಧವಾಯಿತು. ಓರೆಯಾಗಿ ಬೀಳುವುದರಿಂದ ಮೇಜಿನ ಮೇಲ್ಮೈಗೆ ಸಿಗುವುದು ನೂರರಲ್ಲಿ 35 ಭಾಗ ಮಾತ್ರ. ನಡುವಿನ ಗಿಡಕ್ಕೆ ಹಬ್ಬ, ಅಂಚಿನ ಗಿಡಕ್ಕೆ ಉಪವಾಸ!

1960ರ ದಶಕದಲ್ಲಿ ಬಂದ ಅಧಿಕ ಒತ್ತಡದ ಸೋಡಿಯಂ ದೀಪ ಒಳಾಂಗಣ ಕೃಷಿಗೆ ಬಲ ತಂದಿತು. ಇದರೊಳಗೆ ಬೆಳಗುವ ಭಾಗ ತೆಳುವಾದ ಉದ್ದನೆಯ ಕೊಳವೆ. ಅದರ ಬೆಳಕು ತುದಿಗಳಿಂದಲ್ಲ, ಹೆಚ್ಚಾಗಿ ಪಕ್ಕಗಳಿಂದ ಹೊರಡುತ್ತದೆ. ದೀಪವನ್ನು ಅಡ್ಡಲಾಗಿ ಮಲಗಿಸಿದರೆ ಅರ್ಧದಷ್ಟು ಬೆಳಕು ಚಾವಣಿಯ ಕಡೆ ಹೋಗುತ್ತದೆ. ಅದನ್ನು ಕೆಳಕ್ಕೆ ತಿರುಗಿಸಲು ಪ್ರತಿಫಲಕ ಬೇಕು, ಅಲ್ಲಿಯೂ ಸ್ವಲ್ಪ ನಷ್ಟ ತಪ್ಪದು. ಅದೇ ದೀಪವನ್ನು ನೆಟ್ಟಗೆ ತೂಗುಹಾಕಿ, ಸುತ್ತ ವರ್ತುಲಾಕಾರವಾಗಿ ಗಿಡಗಳನ್ನಿಟ್ಟರೆ? ಪ್ರತಿಫಲಕ ಬೇಡ. ಎಲ್ಲ ಗಿಡಗಳೂ ಸಮಾನ ದೂರದಲ್ಲಿರುತ್ತವೆ, ಕೆಳಗಿನ ಎಲೆಗಳಿಗೂ ಪಾಲು ಸಿಗುತ್ತದೆ.

ಈ ಕ್ರಮದಲ್ಲಿ ದೋಷಗಳೂ ಇವೆ. ಸೀಮೆನ್ಸ್ ಪ್ರಯೋಗ ನಡೆಸಿದ 1880ರಲ್ಲೇ ಚಾರ್ಲ್ಸ್ ಡಾರ್ವಿನ್, ಮಗ ಫ್ರಾನ್ಸಿಸ್ ಜೊತೆಗೂಡಿ, ಸಸ್ಯಗಳ ಚಲನೆಯ ಬಗ್ಗೆ ಗ್ರಂಥ ಪ್ರಕಟಿಸಿದರು. ಸಸಿಯ ತುದಿ ಬೆಳಕನ್ನು ಗ್ರಹಿಸಿ ಕಾಂಡ ಅತ್ತ ಬಾಗುವುದನ್ನು ಅದರಲ್ಲಿ ವಿವರಿಸಿದರು. ಪಕ್ಕದ ದೀಪದ ಕಡೆಗೂ ಗಿಡ ಹಾಗೆಯೇ ಬಾಗುತ್ತದೆ, ಅದರ ಬೆನ್ನು ನೆರಳಿನಲ್ಲೇ ಉಳಿಯುತ್ತದೆ. ಕುಂಡಗಳನ್ನು ಆಗಾಗ ತಿರುಗಿಸಬೇಕಾಗುತ್ತದೆ. ಬಿಸಿ ಬಲ್ಬಿಗೆ ಎಲೆ ತಾಗಿದರೆ ಸುಡುತ್ತದೆ, ನೀರು ಸಿಡಿದರೆ ಗಾಜು ಒಡೆಯಬಹುದು.

ಹಾಗಾದರೆ ತಣ್ಣನೆಯ ದೀಪವನ್ನು ಎಲೆಗಳ ನಡುವೆಯೇ ಇಟ್ಟರೆ ಹೇಗೆ? ಬಾಹ್ಯಾಕಾಶದಲ್ಲಿ ಆಹಾರ ಬೆಳೆಯುವ ಯೋಚನೆ ಈ ಪ್ರಶ್ನೆಗೆ ತುರ್ತನ್ನು ತಂದಿತು. ಅಲ್ಲಿ ಪ್ರತಿ ವ್ಯಾಟ್ ವಿದ್ಯುತ್ತಿಗೂ ಲೆಕ್ಕ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ವಿಜ್ಞಾನಿಗಳು ನಮಗೆಲ್ಲ ಪರಿಚಿತವಾದ ಅಲಸಂದೆ ಗಿಡಗಳ ನಡುವೆ ಕಡಿಮೆ ಶಕ್ತಿಯ ಪ್ರತಿದೀಪ್ತಿ ದೀಪಗಳನ್ನು ಇಟ್ಟು ನೋಡಿ, ಫಲಿತಾಂಶವನ್ನು 2000ದಲ್ಲಿ ಪ್ರಕಟಿಸಿದರು. ಮೇಲಿನಿಂದ ಮಾತ್ರ ಬೆಳಕು ಬಿದ್ದಾಗ ಬೇಗ ಹಣ್ಣಾಗುವ ಒಳಗಿನ ಎಲೆಗಳು, ಈ ಕ್ರಮದಲ್ಲಿ ಹೆಚ್ಚು ಕಾಲ ಹಸಿರಾಗಿ ಉಳಿದವು. ಮುಂದೆ ಎಲ್‌ಇಡಿ ದೀಪಗಳು ಈ ಕೆಲಸವನ್ನು ಸುಲಭಗೊಳಿಸಿದವು. ನೀಲಿ ಎಲ್‌ಇಡಿಗಾಗಿ ಅಕಸಾಕಿ, ಅಮಾನೊ ಮತ್ತು ನಕಾಮುರ ಅವರಿಗೆ 2014ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಉತ್ತರ ಯುರೋಪಿನ ಟೊಮೆಟೊ ಗಾಜಿನಮನೆಗಳಲ್ಲಿ ಸಾಲುಗಳ ನಡುವೆ ಇಂಥ ದೀಪಗಳನ್ನು ಅಳವಡಿಸುವುದುಂಟು.

ಮಾಂಗೊನ್ ಮತ್ತು ಸೀಮೆನ್ಸ್ ಕೇಳಿದ್ದು ದೀಪದ ಬೆಳಕು ಗಿಡಕ್ಕೆ ಸಾಕೇ ಎಂದು. ಅವರ ನಂತರ ಬಂದವರು, ಅದು ಪ್ರತಿ ಎಲೆಗೂ ತಲುಪಿತೇ ಎಂದು ಕೇಳಿದರು. ಉರಿಸಿದ ವಿದ್ಯುತ್ತು ಗೋಡೆಯನ್ನು ಬೆಳಗಿದರೆ ಬೆಳೆಗೆ ಲಾಭವಿಲ್ಲ. ಅದನ್ನು ಉತ್ಪಾದಿಸಲು ಎಲ್ಲೋ ಕಲ್ಲಿದ್ದಲು ಸುಟ್ಟಿರುತ್ತದೆ, ಅಣೆಕಟ್ಟಿನ ನೀರು ಹರಿದಿರುತ್ತದೆ. ಆದ್ದರಿಂದ ದೊಡ್ಡ ಬಲ್ಬು ತರುವ ಮೊದಲು, ಇರುವ ಬಲ್ಬನ್ನು ಎಲ್ಲಿ ತೂಗುಹಾಕಬೇಕೆಂದು ಯೋಚಿಸುವುದೇ ಜಾಣತನ.