ಒಂದೇ ಸರಕು, ಒಂದೇ ಗುರಿ: ನಾರ್ವೆ ಮೀನು ಕೃಷಿಕರ ಜಪಾನ್ ಯಾತ್ರೆ

ಸಹಕಾರ ಸಂಘವೆಂದರೆ ಸಾಲ ಕೊಡುವುದು, ಗೊಬ್ಬರ ಹಂಚುವುದು, ವರ್ಷಕ್ಕೊಮ್ಮೆ ಮಹಾಸಭೆ ಕರೆದು ಡಿವಿಡೆಂಡ್ ಘೋಷಿಸುವುದು, ಇಷ್ಟೇ ಎಂದು ನಮ್ಮಲ್ಲಿ ಹಲವರು ತಿಳಿದಿದ್ದೇವೆ. ಬೆಳೆದದ್ದನ್ನು ಮಾರುವ ಮಾತು ಬಂದರೆ "ಅದು ವ್ಯಾಪಾರಿಗಳ ಕೆಲಸ ಮಾರಾಯ್ರೆ" ಎಂದು ಸುಮ್ಮನಾಗುತ್ತೇವೆ. ಸಂಘದ ರಜತ ಮಹೋತ್ಸವದ ಈ ಶುಭ ಸಂದರ್ಭದಲ್ಲಿ, ಒಂದು ಪುಟ್ಟ ದೇಶದವರು ಒಂದೇ ಸರಕನ್ನು ಹಿಡಿದು ಕಡಲಾಚೆ ಗಿರಾಕಿ ಹುಡುಕಿದ ಚರಿತ್ರೆಯನ್ನು ಸದಸ್ಯ ಬಾಂಧವರ ಮುಂದಿಡಲು ಬಯಸುತ್ತೇವೆ. ಇದು ಮೀನಿನ ಕಥೆ. ಆದರೆ ಮೀನು ಮುಟ್ಟದವರೂ ಓದಬೇಕಾದದ್ದು.

ಯುರೋಪಿನ ಉತ್ತರದ ತುದಿಯಲ್ಲಿರುವ ನಾರ್ವೆ ದೇಶದ ಜನಸಂಖ್ಯೆ 1980ರ ದಶಕದಲ್ಲಿ ನಲವತ್ತು ಲಕ್ಷ ಚಿಲ್ಲರೆ ಮಾತ್ರ. ಅಲ್ಲಿಯ ಹಿತ್ರಾ ದ್ವೀಪದಲ್ಲಿ 1970ರಲ್ಲಿ ಗ್ರೋಂತ್‌ವೆಟ್ ಎಂಬ ಅಣ್ಣತಮ್ಮಂದಿರು ಸಮುದ್ರದಲ್ಲಿ ಬಲೆಯ ಪಂಜರ ತೇಲಿಬಿಟ್ಟು ಸಾಲ್ಮನ್ ಮೀನು ಸಾಕಿ ಗೆದ್ದರು. ನೋಡಿದವರೆಲ್ಲ ಅದೇ ದಾರಿ ಹಿಡಿದರು. 1978ರಲ್ಲಿ ಸಾಕಣೆಗಾರರು ತಮ್ಮದೇ ಮಾರಾಟ ಸಂಘವನ್ನೂ ಕಟ್ಟಿಕೊಂಡರು. 1980ರಲ್ಲಿ ಸುಮಾರು 4 ಸಾವಿರ ಟನ್ ಇದ್ದ ಸಾಲ್ಮನ್ ಉತ್ಪಾದನೆ 1990ಕ್ಕೆ ಹತ್ತಿರ ಹತ್ತಿರ ಒಂದೂವರೆ ಲಕ್ಷ ಟನ್ನಿಗೆ ಏರಿತು. ಇಷ್ಟೊಂದು ಮೀನನ್ನು ತಿನ್ನುವವರು ಯಾರು?

ಈ ಪ್ರಶ್ನೆ ಕೆಲವರಿಗೆ ಮೊದಲೇ ಹೊಳೆದಿತ್ತು. ಜಪಾನಿನವರು ಮೀನುಪ್ರಿಯರು. ಆದರೆ 1977ರ ಸುಮಾರಿಗೆ ಕರಾವಳಿ ದೇಶಗಳು ತಮ್ಮ ತೀರದಿಂದ 200 ಮೈಲಿವರೆಗಿನ ಕಡಲು ತಮಗೇ ಸೇರಿದ್ದೆಂದು ಸಾರಿದ ಮೇಲೆ ಜಪಾನಿನ ದೂರದ ಮೀನುಗಾರಿಕೆಗೆ ಪೆಟ್ಟುಬಿತ್ತು. ಹಾಗಾದರೆ ಅವರಿಗೆ ಹೊರಗಿನ ಮೀನು ಬೇಕೇಬೇಕಲ್ಲ! ನಾರ್ವೆಯ ಮೀನುಗಾರಿಕೆ ಮಂತ್ರಿ ಥೋರ್ ಲಿಸ್ತೌ 1985ರಲ್ಲಿ ಒಂದು ನಿಯೋಗವನ್ನು ಜಪಾನಿಗೆ ಕರೆದೊಯ್ದರು. ಅದರ ಬೆನ್ನಿಗೇ 'ಪ್ರಾಜೆಕ್ಟ್ ಜಪಾನ್' ಎಂಬ ಹಲವು ವರ್ಷದ ಕೆಲಸ ಶುರುವಾಯಿತು. ಸರಕಾರ ಮತ್ತು ಉದ್ಯಮ ಎರಡೂ ಕೈಜೋಡಿಸಿದವು. ಮಾರುಕಟ್ಟೆ ಅರಿಯುವ ಕೆಲಸಕ್ಕೆ ಬ್ಯೋರ್ನ್ ಎರಿಕ್ ಓಲ್ಸೆನ್ ಎಂಬವರು ಟೊಂಕಕಟ್ಟಿದರು.

ಅಲ್ಲಿ ಹೋಗಿ ನೋಡಿದರೆ ಸಂಗತಿಯೇ ಬೇರೆ. ಜಪಾನಿನವರು ಸಾಲ್ಮನ್ ತಿನ್ನುತ್ತಿದ್ದದ್ದು ಉಪ್ಪು ಹಾಕಿ, ಸುಟ್ಟು. ಸುಶಿ ಎಂದರೆ ಅನ್ನದ ಉಂಡೆಯ ಮೇಲೆ ಹೆಚ್ಚಾಗಿ ಹಸಿ ಮೀನಿಟ್ಟು ತಿನ್ನುವ ಊಟ. ಹಸಿಯಾಗಿ ತಿನ್ನುವ ಮೀನಿಗೇ ಒಳ್ಳೆಯ ದರ. ಆದರೆ ಅವರ ಕಡಲಿನ ಸಾಲ್ಮನ್‌ನಲ್ಲಿ ಹುಳ ಇರುತ್ತಿದ್ದುದರಿಂದ ಅದನ್ನು ಹಸಿಯಾಗಿ ಸಾಮಾನ್ಯವಾಗಿ ಯಾರೂ ಮುಟ್ಟುತ್ತಿರಲಿಲ್ಲ. ನಾರ್ವೆಯದು ಪಂಜರದಲ್ಲಿ ತಯಾರಿಸಿದ ಆಹಾರ ತಿಂದು ಬೆಳೆದ ಮೀನು, ಹುಳದ ಭಯವಿಲ್ಲ ಎಂದರೂ ನಂಬಬೇಕಲ್ಲ? ಬಣ್ಣ ಸರಿಯಿಲ್ಲ, ವಾಸನೆ ಸರಿಯಿಲ್ಲ, ತಲೆಯ ಆಕಾರವೂ ಸರಿಯಿಲ್ಲ ಎಂದು ಅಲ್ಲಿಯ ವ್ಯಾಪಾರಿಗಳು ತಳ್ಳಿಹಾಕಿದರು.

ನಿಯೋಗದವರು ವಾದಕ್ಕೆ ನಿಲ್ಲಲಿಲ್ಲ. ಹೆಸರು ಬದಲಿಸಿದರು. ಸಾಲ್ಮನ್‌ಗೆ ಜಪಾನೀ ಭಾಷೆಯಲ್ಲಿ 'ಸಾಕೆ' ಎಂಬ ಹೆಸರಿದೆ. ಆ ಹೆಸರು ಕೇಳಿದರೆ ಸುಡುವ ಮೀನೇ ಕಣ್ಣಮುಂದೆ ಬರುತ್ತದೆ. ಅದಕ್ಕೇ ಇವರು 'ನಾರ್ವೆ ಸಾಮೊನ್' ಎಂದೇ ಕರೆದು, ತಣ್ಣನೆಯ ಶುದ್ಧ ಕಡಲಿನ ಬೇರೆಯೇ ಮೀನು ಎಂದು ಪರಿಚಯಿಸಿದರು.

ಅಷ್ಟರಲ್ಲಿ ಊರಿನಲ್ಲಿ ಬೆಂಕಿ ಬಿದ್ದಿತ್ತು. ಉತ್ಪಾದನೆ ಮಿತಿಮೀರಿ ದರ ಕುಸಿಯಿತು. ದರ ಹಿಡಿದು ನಿಲ್ಲಿಸಲು ಸಾಕಣೆಗಾರರ ಮಾರಾಟ ಸಂಘ ಸಾಲ ಮಾಡಿ ಸಾವಿರಾರು ಟನ್ ಮೀನು ಕೊಂಡು ಶೀತಲಗೃಹದಲ್ಲಿ ತುಂಬಿಸಿತು. ಸಂಘ ಕೊಳ್ಳುತ್ತದೆಂಬ ಧೈರ್ಯದಲ್ಲಿ ಸದಸ್ಯರು ಸಾಕುವುದನ್ನು ಕಡಿಮೆ ಮಾಡಲಿಲ್ಲ. 1991ರಲ್ಲಿ ಅಮೆರಿಕವು ನಾರ್ವೆಯ ಸಾಲ್ಮನ್ ಮೇಲೆ ಹೆಚ್ಚುವರಿ ಸುಂಕ ಹೇರಿತು. ಅದೇ ವರ್ಷದ ನವೆಂಬರಿನಲ್ಲಿ ಸಂಘವೇ ದಿವಾಳಿಯಾಯಿತು. ಎಷ್ಟೋ ಸಾಕಣೆಗಾರರೂ ಮುಳುಗಿದರು. ಸಹಕಾರಿಗಳಾದ ನಮಗೆ ಈ ಭಾಗ ಓದುವಾಗ ಎದೆ ಝಲ್ಲೆನ್ನುತ್ತದೆ.

ಹೆಪ್ಪುಗಟ್ಟಿದ ಆ ಮೀನನ್ನು ಸುಡುವುದಕ್ಕೆಂದು ಸಿಕ್ಕಿದ ಬೆಲೆಗೆ ಜಪಾನಿಗೆ ತಳ್ಳಿಬಿಡೋಣ ಎಂಬ ಒತ್ತಡ ಬಂತು. ಓಲ್ಸೆನ್ ಒಪ್ಪಲಿಲ್ಲ. ಒಮ್ಮೆ ಅಗ್ಗದ ಮೀನೆಂದು ಹೆಸರು ಬಿದ್ದರೆ ಸುಶಿಯ ಬಾಗಿಲು ಮುಚ್ಚಿದ ಹಾಗೇ. ಕೊನೆಗೆ 1990ರ ದಶಕದ ಆರಂಭದಲ್ಲಿ ನಿಚಿರೈ ಎಂಬ ಜಪಾನೀ ಕಂಪನಿ 5,000 ಟನ್ ಕೊಳ್ಳಲು ಒಪ್ಪಿತು. ದರ ಕಡಿಮೆಯೇ. ಆದರೆ ಸುಶಿಗೆಂದೇ ಮಾರಬೇಕೆಂಬ ಷರತ್ತು. ಪ್ರಸಿದ್ಧ ಕಂಪನಿಯೇ ಮಾರಿದ ಮೇಲೆ ಜನರ ಅಳುಕು ಹೋಯಿತು. ಜಪಾನಿನ ಹೋಟೆಲುಗಳ ಗಾಜಿನ ಪೆಟ್ಟಿಗೆಯಲ್ಲಿ ತಿಂಡಿಗಳ ಪ್ಲಾಸ್ಟಿಕ್ ಮಾದರಿ ಇಡುವ ಪದ್ಧತಿಯಿದೆ. ಅಲ್ಲಿ ಸಾಲ್ಮನ್ ಸುಶಿಯ ಮಾದರಿ ಕಂಡಾಗ ಓಲ್ಸೆನ್‌ರಿಗೆ ಕೆಲಸ ಗೆದ್ದದ್ದು ಖಾತ್ರಿಯಾಯಿತಂತೆ. ಇಂದು ಅಲ್ಲಿಯ ಸುಶಿ ಹೋಟೆಲುಗಳಲ್ಲಿ ಜನ ಬಹಳ ಮೆಚ್ಚುವ ಮೀನುಗಳಲ್ಲಿ ಸಾಲ್ಮನ್ ಒಂದು. ನಾರ್ವೆಯವರೂ ಪಾಠ ಕಲಿತು 1991ರಲ್ಲೇ ಟ್ರೋಮ್ಸೊ ನಗರದಲ್ಲಿ ಮೀನು ರಫ್ತು ಮಂಡಳಿ ಸ್ಥಾಪಿಸಿದರು. ರಫ್ತಿನ ಮೇಲಿನ ಸಣ್ಣ ವಂತಿಗೆಯಿಂದಲೇ ಅದರ ಪ್ರಚಾರದ ಖರ್ಚು ನಡೆಯುತ್ತದೆ.

ಇದರಿಂದ ನಾವು ತಿಳಿಯಬೇಕಾದದ್ದೇನು? ನಿಯೋಗವೆಂದರೆ ಹಾರ ಹಾಕಿಸಿಕೊಂಡು, ಫೋಟೋ ತೆಗೆಸಿಕೊಂಡು ಬರುವ ಪ್ರವಾಸವಲ್ಲ. ಹೊರಡುವ ಮುಂಚೆ ಗಿರಾಕಿಯ ಊಟ, ನಂಬಿಕೆ, ಭಯ ಎಲ್ಲ ತಿಳಿದಿರಬೇಕು. ಹತ್ತು ಸರಕು ಹೊತ್ತು ಹೋಗದೆ ಒಂದನ್ನೇ ಹಿಡಿಯಬೇಕು. ಮಂತ್ರಿಗಳು ವಾಪಸು ಬಂದ ಮೇಲೂ ಅಲ್ಲಿ ನಮ್ಮವರೊಬ್ಬರು ವರ್ಷಗಟ್ಟಲೆ ಓಡಾಡಬೇಕು. ಅದರ ಖರ್ಚನ್ನು ಬೆಳೆಯುವವರೆಲ್ಲ ಸೇರಿ ಹೊರಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, ಗೋದಾಮು ತುಂಬಿದ ಮೇಲೆ ಗಿರಾಕಿ ಹುಡುಕಲು ಹೊರಟರೆ ದರ ಹೇಳುವವನು ಅವನೇ.

ಇಪ್ಪತ್ತೈದು ವರ್ಷ ನಮ್ಮ ಸಂಘ ಬೆಳೆಯಲು ಸಾಲ ಕೊಟ್ಟಿತು. ಮುಂದಿನ ಇಪ್ಪತ್ತೈದು ವರ್ಷ ಮಾರುವುದನ್ನೂ ಕಲಿಸಲಿ. ಅದು ನೆರೆಯ ಪೇಟೆಯ ಸಂತೆಯಿಂದಲೇ ಶುರುವಾದರೂ ಚಿಂತೆಯಿಲ್ಲ. ಮುಂದಿನ ಮಹಾಸಭೆಯಲ್ಲಿ ಸದಸ್ಯ ಬಾಂಧವರು ಈ ಮಾತೆತ್ತಬೇಕೆಂದು ನಮ್ಮ ವಿನಂತಿ.