ನಮ್ಮೂರಿಗೆ ಬಾರದ ಗೇಮುಗಳು

ಟಿಕೋಟಾದ ಗೆಳೆಯನೊಬ್ಬ ಸೆಕೆಂಡ್ ಹ್ಯಾಂಡ್ ಪ್ಲೇಸ್ಟೇಷನ್ 4 ತಗೊಂಡಿದ್ದಾನೆ. ನನಗಿಂತ ಐದಾರು ವರ್ಷ ಸಣ್ಣವ, ದ್ರಾಕ್ಷಿ ತೋಟದ ಮನೆಯವ. ಅವನ ಪ್ರಶ್ನೆ ಒಂದೇ: "ಅಣ್ಣಾ, ಶೂಟಿಂಗ್ ಆಡೀನಿ, ರೇಸ್ ಆಡೀನಿ, ಫೈಟಿಂಗೂ ಆಡೀನಿ. ಇನ್ನ ಯಾವ್ದ ಆಡ್ಲಿ ಹೇಳ್ರಿ."

ನಾಲ್ಕು ಹೆಸರು ಕಳಿಸಿದ್ದರೆ ಮುಗೀತಿತ್ತು. ಆದರೆ ಅವನ ಪಟ್ಟಿಯನ್ನೊಮ್ಮೆ ನೋಡಿ: ಗುಂಡು ಹೊಡೆಯೋದು, ಗಾಡಿ ಓಡಿಸೋದು, ಗುದ್ದಾಡೋದು. ವಿಜಯಪುರ, ಟಿಕೋಟಾ, ಬಬಲೇಶ್ವರದ ಕಡೆ ನನ್ನ ವಯಸ್ಸಿನ ಯಾರನ್ನು ಕೇಳಿದರೂ ಇದೇ ಪಟ್ಟಿ ಬರ್ತದೆ; ಜೊತೆಗೆ ಮಾರಿಯೋನ ಜಿಗಿತ ಸೇರಿಸಿಕೊಳ್ಳಿ. ಊರೂರು ತಿರುಗಿ, ಜನರ ಜೊತೆ ಮಾತಾಡಿ, ನಲವತ್ತೈವತ್ತು ತಾಸು ಒಂದೇ ಕಥೆ ಬೆಳೆಸುವ ಗೇಮಿನ ಹೆಸರು ಯಾರ ಬಾಯಲ್ಲೂ ಬರೋದಿಲ್ಲ. ನಮ್ಮ ಕಡೆಯವರಿಗೆ ಕಥೆ ಸೇರೋದಿಲ್ಲ ಅಂತ ಯಾರೂ ಹೇಳಲಾರರು, ರಾತ್ರಿಯಿಡೀ ಬಯಲಾಟ ನೋಡುವ ಸೀಮೆ ಇದು. ಕಾರಣ ಬೇರೆ ಇದೆ, ಅದಕ್ಕೊಂದು ಸಣ್ಣ ಇತಿಹಾಸವೂ ಇದೆ.

ಜಪಾನಿನ ನಿಂಟೆಂಡೊ ಕಂಪನಿ 1983ರ ಜುಲೈನಲ್ಲಿ ಫ್ಯಾಮಿಕಾಮ್ ಅನ್ನೋ ಯಂತ್ರ ಬಿಟ್ಟಿತು. ನಮ್ಮ ದೇಶದ ಪೇಟೆಗಳಿಗೆ 1990ರ ದಶಕದಲ್ಲಿ ಬಂದದ್ದು ಹೆಚ್ಚಾಗಿ ಅದರ ನಕಲು ಡಬ್ಬಿಗಳು. ನಾವು ಡಬ್ಬಿಗೆ 'ವಿಡಿಯೋ ಗೇಮ್' ಅಂತಿದ್ವಿ, ಅದರೊಳಗೆ ಚುಚ್ಚುವುದಕ್ಕೆ 'ಕ್ಯಾಸೆಟ್' ಅಂತಿದ್ವಿ. ಕ್ಯಾಸೆಟ್ ಮೇಲೆ 'ಲಕ್ಷಗಟ್ಟಲೆ ಆಟ ಒಂದರಲ್ಲೇ' ಅಂತ ಬರೆದಿರೋದು. ಒಳಗಿದ್ದದ್ದು ಹತ್ತಿಪ್ಪತ್ತು ಆಟ, ಅವೇ ಮತ್ತೆ ಮತ್ತೆ. ಆಟ ಮಾಡಿದವರ ಹೆಸರು ಎಲ್ಲೂ ಇರ್ತಿರಲಿಲ್ಲ.

ಯಾವ ಹತ್ತಿಪ್ಪತ್ತು ಅನ್ನೋದೇ ಇಲ್ಲಿ ಮುಖ್ಯ. 1985ರ ಸೂಪರ್ ಮಾರಿಯೋ ಬ್ರದರ್ಸ್ ಪೂರ್ತಿ ಗೇಮು 40 ಕೆಬಿ. ಮುಂಜಾನೆ ವಾಟ್ಸಾಪಿಗೆ ಬರುವ ಒಂದು ಗುಡ್ ಮಾರ್ನಿಂಗ್ ಫೋಟೋ ಇದಕ್ಕಿಂತ ದೊಡ್ಡದಿರ್ತದೆ. ಅಷ್ಟರಲ್ಲೇ 32 ಹಂತ ಕೂರಿಸಲು ಮಾಡಿದವರು ಎಷ್ಟು ಜಿಪುಣತನ ಮಾಡಿದ್ದಾರೆ ಅಂದರೆ, ಮೇಲಿನ ಮೋಡ ಮತ್ತು ಕೆಳಗಿನ ಪೊದೆ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. ಇಂಥ ಸಣ್ಣ ಗೇಮುಗಳನ್ನು ಒಂದೇ ಚಿಪ್ಪಿನಲ್ಲಿ ಹತ್ತಾರು ತುಂಬಬಹುದು. ನಕಲು ಮಾಡುವವನಿಗೆ ಅದೇ ಲಾಭ.

ಕಥೆಯ ಗೇಮಿಗೆ ಇನ್ನೊಂದು ಬೇಕಾಗ್ತದೆ: ಆಡಿದ್ದು ಉಳಿಯಬೇಕು. ಆ ಯಂತ್ರದ ಕೆಲಸದ ಮೆಮೊರಿ 2 ಕೆಬಿ; ಕರೆಂಟ್ ಹೋದರೆ ಅದೂ ಖಾಲಿ. 1986ರಲ್ಲಿ ಜಪಾನಿನಲ್ಲಿ ಡಿಸ್ಕ್ ಮೇಲೆ ಬಂದ ಜೆಲ್ಡಾ, ಮರುವರ್ಷ ಅಮೆರಿಕಕ್ಕೆ ಹೋದಾಗ ಕಾರ್ಟ್ರಿಜ್ ಒಳಗೊಂದು ಬ್ಯಾಟರಿ ಇಟ್ಟುಕೊಂಡು ಹೋಯಿತು, ಆಟ ಉಳಿಸಿಕೊಳ್ಳೋಕೆ. ಅದೇ 1986ರಲ್ಲಿ ಯೂಜಿ ಹೊರಿಯಿ ಮಾಡಿದ ಡ್ರ್ಯಾಗನ್ ಕ್ವೆಸ್ಟ್ ಬ್ಯಾಟರಿ ಇಡಲಿಲ್ಲ; ಆಟ ನಿಲ್ಲಿಸುವಾಗ 20 ಜಪಾನಿ ಅಕ್ಷರಗಳ ಒಂದು ಗುಪ್ತಪದ ಕೊಡ್ತಿತ್ತು. ಅಲ್ಲಿನ ಹುಡುಗರು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕು, ಒಂದು ಅಕ್ಷರ ತಪ್ಪಿದರೂ ಆಟ ಹೋಯಿತು.

ಈಗ ಇವನ್ನು ನಮ್ಮೂರಿಗೆ ತಂದು ನೋಡಿ. ಬ್ಯಾಟರಿ ಅಂದರೆ ನಕಲು ಮಾಡುವವನಿಗೆ ಖರ್ಚು. ಜಪಾನಿ ಅಕ್ಷರ ಬಿಡಿ, ಇಂಗ್ಲಿಷ್ ಅಕ್ಷರವೇ ನಮಗೆ ಐದನೇ ಇಯತ್ತೆಯಲ್ಲಿ ಶುರು. ಇನ್ನು ಕರೆಂಟು ಹೇಳಿ ಬರ್ತಿರಲಿಲ್ಲ, ಹೇಳಿ ಹೋಗ್ತಿರಲಿಲ್ಲ. ಮಾರಿಯೋನ ಮೊದಲ ಮೂರು ಲೋಕ ಕಣ್ಣುಮುಚ್ಚಿ ಆಡುವ ಹುಡುಗರು ನಮ್ಮಲ್ಲಿ ಓಣಿಗೊಬ್ಬರಿದ್ದರು. ಎಂಟನೇ ಲೋಕ ಕಂಡವರು ಮಾತ್ರ ಬೆರಳೆಣಿಕೆ. ರೊಕ್ಕ, ಲಿಪಿ, ಕರೆಂಟು, ಈ ಮೂರು ಜರಡಿ ದಾಟಿ ನಮ್ಮ ಅಂಗಳಕ್ಕೆ ಬಿದ್ದದ್ದು ಜಿಗಿತ, ಗುಂಡು ಮತ್ತು ಗಾಡಿ. ಅದನ್ನೇ ನಾವು 'ನಮ್ಮ ಟೇಸ್ಟು' ಅಂದುಕೊಂಡ್ವಿ.

ಹಂಗಾಗಿ ತಮ್ಮಾ, ನಾನು ಹೇಳೋದು ಜರಡಿಯಲ್ಲಿ ಉಳಿದುಹೋದವುಗಳ ಪಟ್ಟಿ. ಎಲ್ಲವೂ ನಿನ್ನ ಪಿಎಸ್4ನಲ್ಲೇ ಸಿಗ್ತಾವ.

ಒಂದು, ಡ್ರ್ಯಾಗನ್ ಕ್ವೆಸ್ಟ್ 11. ಆಗ ತಪ್ಪಿಹೋದದ್ದರ ನೇರ ಮೊಮ್ಮಗ. ಇಲ್ಲಿ ಜಗಳ ಅಂದರೆ ಗುಂಡಿ ಒತ್ತುವ ವೇಗವಲ್ಲ. ನಿನ್ನ ಸರದಿ, ಆಮೇಲೆ ಅವರ ಸರದಿ. ಚೌಕಾಬಾರಾ ಆಡಿದವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಓದೋದು ಬಾಳ ಇದೆ, ಎಲ್ಲಾ ಇಂಗ್ಲಿಷಿನಲ್ಲಿ. ಅವಸರ ಮಾಡಬೇಡ.

ಎರಡು, ಪ್ರಿನ್ಸ್ ಆಫ್ ಪರ್ಷಿಯಾ: ದ ಲಾಸ್ಟ್ ಕ್ರೌನ್. ಇದು 2024ರದು. ಆದರೆ ಮೂಲ ಪ್ರಿನ್ಸ್ ಹುಟ್ಟಿದ್ದು 1989ರಲ್ಲಿ. ಜೋರ್ಡನ್ ಮೆಕ್ನರ್ ಅನ್ನೋ ಹುಡುಗ ತನ್ನ ತಮ್ಮನನ್ನು ಓಡಿಸಿ, ಜಿಗಿಸಿ, ವಿಡಿಯೋ ತೆಗೆದು, ಆ ಚಿತ್ರಗಳ ಮೇಲೆ ಗೆರೆ ಎಳೆದು ರಾಜಕುಮಾರನಿಗೆ ಮೈ ಕೊಟ್ಟ. ಆ ಜಿಗಿತಕ್ಕೆ ಮನುಷ್ಯನ ತೂಕ ಬಂದದ್ದು ಹಾಗೆ. ಹೊಸ ಗೇಮಿನ ಮಾತುಗಳನ್ನು ಪಾರ್ಸಿ ಭಾಷೆಯಲ್ಲೇ ಕೇಳಬಹುದು, ಹಾಗೇ ಕೇಳು. ಪಾರ್ಸಿ ನಮ್ಮ ಊರಿಗೆ ಪರದೇಶಿ ಅಲ್ಲ. ಎರಡನೇ ಇಬ್ರಾಹಿಂ ಆದಿಲ್‌ಶಾಹನ ಆಶ್ರಯದಲ್ಲಿ ಫೆರಿಷ್ತಾ ತನ್ನ ದೊಡ್ಡ ಇತಿಹಾಸ ಬರೆದದ್ದು ವಿಜಯಪುರದಲ್ಲಿ, ಪಾರ್ಸಿಯಲ್ಲಿ.

ಮೂರು, ಅಸಾಸಿನ್ಸ್ ಕ್ರೀಡ್ 2. ಮೊದಲು ಬಂದದ್ದು 2009ರಲ್ಲಿ. ಪಿಎಸ್4ಗೆ 'ಎಜಿಯೋ ಕಲೆಕ್ಷನ್' ಹೆಸರಲ್ಲಿ ಸಿಗ್ತದೆ. 15ನೇ ಶತಮಾನದ ಫ್ಲಾರೆನ್ಸ್ ನಗರದ ಛಾವಣಿಗಳ ಮೇಲೆ ಓಡಾಡಬಹುದು. ಬ್ರುನೆಲೆಸ್ಕಿ 1436ರ ಹೊತ್ತಿಗೆ ಕಟ್ಟಿ ಮುಗಿಸಿದ ಗುಮ್ಮಟವನ್ನು ಕೈಯಿಟ್ಟು, ಕಾಲಿಟ್ಟು ಹತ್ತಬಹುದು. ಕಟ್ಟಡದ ಹತ್ತಿರ ಹೋದರೆ ಅದನ್ನು ಯಾರು ಕಟ್ಟಿದರು, ಯಾವಾಗ ಅಂತ ಓದೋಕೂ ಸಿಗ್ತದೆ. ಹತ್ತುವಾಗ ನಮ್ಮ ಗೋಳಗುಮ್ಮಟ ನೆನಪಿರಲಿ: ಹೊರಗಿನ ವ್ಯಾಸ ಸುಮಾರು 44 ಮೀಟರ್, ಒಳಗೆ ನಡುವೆ ಒಂದೂ ಕಂಬವಿಲ್ಲ. ಚೌಕದ ಗೋಡೆಗಳ ಮೇಲೆ ಒಂದನ್ನೊಂದು ಕತ್ತರಿಸುವ ಎಂಟು ಕಮಾನು ಕಟ್ಟಿ, ಆ ಚೌಕವನ್ನು ದುಂಡಗೆ ತಿರುಗಿಸಿ, ಅದರ ಮೇಲೆ ಗುಮ್ಮಟ ಕೂರಿಸಿದ್ದಾರೆ. ಜಗತ್ತಿನ ಕೋಟ್ಯಂತರ ಹುಡುಗರಿಗೆ ಫ್ಲಾರೆನ್ಸಿನ ಗುಮ್ಮಟ ಗೊತ್ತು, ಆಡಿ ಗೊತ್ತು. ಟಿಕೋಟಾದ ಹುಡುಗನಿಗೆ ತನ್ನ ಊರಿನ ಗುಮ್ಮಟ ಗೊತ್ತಿರೋದು ಶಾಲೆಯ ಟ್ರಿಪ್ಪಿನಲ್ಲಿ ಕೂಗಿ ಪ್ರತಿಧ್ವನಿ ಕೇಳಿದಷ್ಟು ಮಾತ್ರ.

ನಾಲ್ಕು, ಅನ್‌ಚಾರ್ಟೆಡ್: ದ ಲಾಸ್ಟ್ ಲೆಗಸಿ, 2017. ಇದು ನಡೆಯೋದು ನಮ್ಮ ಪಶ್ಚಿಮ ಘಟ್ಟದಲ್ಲಿ. ಹುಡುಕೋದು ಹೊಯ್ಸಳರ ಕಾಲದ ಗಣೇಶನ ದಂತ. ಮಾಡಿದವರು ಅಮೆರಿಕದ ಕ್ಯಾಲಿಫೋರ್ನಿಯಾದ ನಾಟಿ ಡಾಗ್ ಕಂಪನಿಯವರು. ಕೆಂಪು ಮಣ್ಣಿನ ದಾರಿಯಲ್ಲಿ ಜೀಪು ಓಡಿಸುವಾಗ ಮೈ ಜುಮ್ ಅಂತದೆ. ಆದರೆ ಒಂದು ಗೊತ್ತಿರಲಿ. ಗೇಮಿನಲ್ಲಿ ಬೆಟ್ಟದಷ್ಟು ಎತ್ತರದ ಮೂರ್ತಿಗಳಿವೆ, ಜಲಪಾತದ ನಡುವೆ ಗೋಪುರಗಳಿವೆ. ನಿಜವಾದ ಹೊಯ್ಸಳರ ಹೆಚ್ಚುಗಾರಿಕೆ ಇದ್ದದ್ದು ಸಣ್ಣದರಲ್ಲಿ. 1117ರಲ್ಲಿ ವಿಷ್ಣುವರ್ಧನ ಬೇಲೂರಿನಲ್ಲಿ ಮಾಡಿಸಿದ ಚೆನ್ನಕೇಶವ ಗುಡಿಯಲ್ಲಿ ಮೆದುಕಲ್ಲಿನ ಮೇಲೆ ಬಳೆ, ಉಂಗುರ, ಕೂದಲ ಸುರುಳಿ ಕೂಡ ಬಿಡಿಸಿದ್ದಾರೆ. ಕತ್ತು ಎತ್ತಿ ನೋಡುವ ಶಿಲ್ಪಕ್ಕಿಂತ ಬಗ್ಗಿ, ಮೂಗು ತಾಗಿಸಿ ನೋಡುವ ಶಿಲ್ಪ ಅಲ್ಲಿ ಹೆಚ್ಚು. ದೂರದವರು ಕಥೆ ಹೇಳಿದಾಗ ಗಾತ್ರ ಬೆಳೆಯುತ್ತದೆ, ಕುಸುರಿ ಕಳೆಯುತ್ತದೆ. ಅವರನ್ನು ಬಯ್ಯೋಕೆ ಈ ಮಾತು ಹೇಳ್ತಿಲ್ಲ. ಅವರಾದರೂ ಹೇಳಿದರು.

ಐದು, ರಾಜಿ. ಪುಣೆಯ ನಾಡಿಂಗ್ ಹೆಡ್ಸ್ ಅನ್ನೋ ಸಣ್ಣ ತಂಡ 2020ರಲ್ಲಿ ತಂದದ್ದು. ತಮ್ಮನನ್ನು ಹುಡುಕಿಕೊಂಡು ಹೊರಟ ಅಕ್ಕನ ಕಥೆ. ಕೆಲವು ಕಡೆ ಆಟ ಬಿಗಿ ಇಲ್ಲ, ಬೇಗ ಮುಗಿದೂ ಹೋಗ್ತದೆ. ಆದರೂ ಆಡು. ಪುಣೆ ಅಂದರೆ ವಿಜಯಪುರದಿಂದ ಒಂದು ರಾತ್ರಿಯ ಬಸ್ಸು. ಅಲ್ಲಿ ಆಗುವ ಕೆಲಸ ಇಲ್ಲಿ ಆಗಬಾರದು ಅಂತೇನಿಲ್ಲ.

ನಾನು ದಿನಾ ಕೋಡ್ ಬರೆದು ಊಟ ಮಾಡುವವ. ಒಂದು ಗೇಮ್ ಕಟ್ಟೋಕೆ ಬೇಕಾದ ಸಾಫ್ಟ್‌ವೇರ್ ಇವತ್ತು ಪುಕ್ಕಟೆ ಸಿಗ್ತದೆ ಅನ್ನೋದು ಗೊತ್ತಿದ್ದೇ ಈ ಮಾತು ಬರೀತಿದ್ದೀನಿ. ಇಬ್ರಾಹಿಂ ರೋಜಾದ ಕಲ್ಲಿನ ಜಾಲಂಧ್ರದ ಅಕ್ಷರಗಳಿವೆ, ತಾಜ್ ಬಾವಡಿಯ ಮೆಟ್ಟಿಲುಗಳಿವೆ, ಕೋಟೆ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪು ಇದೆ. ಒಂದು ಗೇಮಿಗೆ ಬೇಕಾದ ಒಗಟು, ಏರುವ ಜಾಗ, ಅಡಗುವ ಜಾಗ ಎಲ್ಲಾ ನಾಲ್ಕಾರು ಕಿಲೋಮೀಟರ್ ಒಳಗೇ ಇದ್ದಾವೆ. ಆದರೆ ಮಾಡುವವ ಮೊದಲು ಆಡಿರಬೇಕು, ಬರೇ ಗುಂಡು ಹೊಡೆಯುವ ಆಟವನ್ನಲ್ಲ. ಅದಕ್ಕೇ ಇಷ್ಟುದ್ದ ಪಟ್ಟಿ.

ಮೊದಲು ಲಾಸ್ಟ್ ಲೆಗಸಿ ಹಾಕು ತಮ್ಮಾ, ಅದು ಸಣ್ಣದು, ಹತ್ತು ತಾಸಿನ ಒಳಗೆ ಮುಗೀತದೆ. ಆಮೇಲೆ ಫ್ಲಾರೆನ್ಸ್. ಕೊನೆಗೆ ಡ್ರ್ಯಾಗನ್ ಕ್ವೆಸ್ಟ್, ದ್ರಾಕ್ಷಿ ಚಾಟ್ನಿ ಮುಗಿದು ಕೈ ಖಾಲಿ ಇರುವ ದಿನಗಳಿಗೆ. ನಡುವೆ ಕರೆಂಟ್ ಹೋದರೆ ಹೆದರಬೇಡ, ಈಗ ಸೇವ್ ಆಗಿರ್ತದ.